ಕೊನೆಯ ರೀಲು ಕಾಣದವನ ಸಂಸಾರ

ಆ ಚಿತ್ರದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಕೂಡಲೇ ಮೊಬೈಲು ತೆಗೆದು ಹುಡುಕುತ್ತೀರಿ, ನಮ್ಮ ಮನೆಯ ಜಗಳವನ್ನು ಬಗೆಹರಿಸಿಬಿಡುತ್ತೀರಿ. ಅದು ಬೇಡ. ಆಕಾಶನೌಕೆ, ಬೇರೆ ಗ್ರಹ, ಅವಳಿ ಅಣ್ಣತಮ್ಮಂದಿರು ಇರುವ ಒಂದು ಹಳೆಯ ಇಂಗ್ಲಿಷ್ ಚಿತ್ರ, ನಮ್ಮ ಕಡೆ ಹಿಂದಿ ಮಾತು ಹಚ್ಚಿಕೊಂಡು ಬಂದಿತ್ತು ಎಂದಷ್ಟೇ ತಿಳಿದುಕೊಳ್ಳಿ. ಇಷ್ಟು ವರ್ಷಗಳ ಮೇಲೆ ಅದರ ಎರಡನೆಯ ಭಾಗ ಬರುತ್ತದೆಂದು ಸುದ್ದಿಯಾದಾಗ ಜಗತ್ತಿನ ಅಭಿಮಾನಿಗಳೆಲ್ಲ ಕುಣಿದಾಡಿದರಂತೆ. ನನಗೆ ಮಾತ್ರ ಊಟ ಸೇರಲಿಲ್ಲ.

ಕಾರಣ ಹೇಳುತ್ತೇನೆ. ಆಗ ಒಂದೇ ಪ್ರಿಂಟು ಎರಡು ಊರುಗಳಿಗೆ ಸಾಲಬೇಕಿತ್ತು. ಮಧ್ಯಾಹ್ನ ಕೊಪ್ಪಳದಲ್ಲಿ ಆಟ ಮುಗಿದ ಮೇಲೆ ರೀಲಿನ ಡಬ್ಬಿಗಳು ಬಸ್ಸೇರಿ ಗಂಗಾವತಿಗೆ ಹೋಗಬೇಕು. ಅಲ್ಲಿ ಸಂಜೆಯ ಆಟ. ಬಸ್ಸು ತಪ್ಪಬಾರದೆಂದು ನಮ್ಮ ಕೊಪ್ಪಳದ ಆಪರೇಟರು ಕೊನೆಯ ರೀಲನ್ನು ತೋರಿಸುತ್ತಲೇ ಇರಲಿಲ್ಲ. ಬಸ್ಸು ತಡವಾಯಿತೆಂದು ಗಂಗಾವತಿಯವನು ಮೊದಲ ರೀಲನ್ನು ಬಿಟ್ಟೇ ಶುರು ಮಾಡುತ್ತಿದ್ದ. ಯಾರೂ ತಕರಾರು ತೆಗೆಯಲಿಲ್ಲ. ರಾತ್ರಿಯಿಡೀ ನಡೆಯುವ ದೊಡ್ಡಾಟಕ್ಕೆ ಹೋಗಿ ನಡುವೆ ಒಂದು ನಿದ್ದೆ ತೆಗೆದು, ಬಿಟ್ಟುಹೋದ ಕಥೆಯನ್ನು ಮರುದಿನ ಪಕ್ಕದವರಿಂದ ಕೇಳಿ ಪೂರ್ತಿ ಮಾಡಿಕೊಳ್ಳುವ ಜನ ನಾವು.

ನಾನು ಕೊಪ್ಪಳದವನು. ಮೊದಲ ರೀಲಿನಲ್ಲಿ ಅಣ್ಣ ಆಕಾಶಕ್ಕೆ ಹೋಗಿ ಕಳೆದುಹೋಗುವುದನ್ನು ನೋಡಿದ್ದೆ. ಹುಡುಕಲು ಹೋದ ತಮ್ಮನ ನೌಕೆಗೆ ಬೆಂಕಿ ಬೀಳುವವರೆಗೂ ನೋಡಿದ್ದೆ. ಅಷ್ಟಕ್ಕೆ ದೀಪ ಹತ್ತಿತು. ನನ್ನ ಹೆಂಡತಿ ಸರೋಜಾ ಗಂಗಾವತಿಯವಳು. ಕೊನೆಗೆ ಒಬ್ಬ ಮರಳಿ ಬಂದು ತಾಯಿಯ ಬಾಗಿಲು ತಟ್ಟುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಅದೇ ಮುಖದವರು ಇಬ್ಬರಿದ್ದರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಯಂತ್ರಗಳ ಆ ಗದ್ದಲದಲ್ಲಿ ಮಾತು ಯಾರಿಗೆ ಕೇಳಿಸುತ್ತಿತ್ತು?

ಹೆಣ್ಣು ನೋಡಲು ಹೋದ ದಿನ ಏನಾದರೂ ಕೇಳಬೇಕಲ್ಲ ಎಂದು ಯಾವ ಸಿನಿಮಾ ಸೇರಿತು ಎಂದು ಕೇಳಿದೆ. ಅವಳು ಇದನ್ನೇ ಹೇಳಿ, ಕೊನೆಯ ದೃಶ್ಯ ವರ್ಣಿಸಿದಳು.

"ಹಂಗಾರ ಬಂದಾಂವ ಅಣ್ಣ ಇರಬೇಕು," ಅಂದೆ.

"ಯಾವ ಅಣ್ಣರಿ? ಪಿಕ್ಚರಿನ್ಯಾಗ ಇದ್ದಾಂವ ಒಬ್ಬನ."

ವಾದ ಬೆಳೆಯಿತು. ಅವಲಕ್ಕಿ ಆರಿತು. ನನ್ನ ಸೋದರಮಾವ ಮೊಣಕೈಯಿಂದ ತಿವಿದ. ಸಂಬಂಧ ಮುರಿಯಿತೆಂದು ಅವಳ ಅಪ್ಪ ಎದ್ದು ನಿಂತರು. ಆಗ ಎದ್ದು ಒಳಗೆ ಹೋಗಿದ್ದ ಅವಳ ದನಿ ಎಲ್ಲರಿಗೂ ಕೇಳಿಸಿತು: "ಇವರನ್ನ ಮಾಡ್ಕೋತೀನಿ. ಮಾತು ಇನ್ನಾ ಮುಗದಿಲ್ಲ."

ಅದು ಇವತ್ತಿಗೂ ಮುಗಿದಿಲ್ಲ. ಇಬ್ಬರಿದ್ದರೆಂದು ಈಗ ಒಪ್ಪಿದ್ದಾಳೆ, ಆದರೆ ಬಂದವನು ತಮ್ಮನೇ ಎಂಬ ಹಠ ಬಿಟ್ಟಿಲ್ಲ. ನಾನೂ ಅಣ್ಣನನ್ನು ಬಿಟ್ಟುಕೊಟ್ಟಿಲ್ಲ. ಸಂಸಾರವೆಂದ ಮೇಲೆ ಮುನಿಸು ಇದ್ದದ್ದೇ. ಅವಳ ತವರಿನದೋ ನನ್ನ ಅಕ್ಕನದೋ ವಿಷಯಕ್ಕೆ ಮಾತು ನಿಂತುಹೋದಾಗ, ಯಾರಾದರೊಬ್ಬರು ಗೋಡೆಗೆ ಹೇಳಿದಂತೆ "ಬಂದಾಂವ ಅಣ್ಣನ" ಅಂತಲೋ "ತಮ್ಮನ" ಅಂತಲೋ ಅಂದರೆ ಸಾಕು, ಮನೆಯಲ್ಲಿ ಮತ್ತೆ ಮಾತು ಹರಿಯುತ್ತದೆ. ಒಮ್ಮೆ ಮಗಳು ಆ ಹಳೆಯ ಚಿತ್ರವನ್ನು ಟೀವಿಯಲ್ಲಿ ಹಾಕಿ ಕೂರಿಸಿದಳು. ಶುರುವಾಗುತ್ತಿದ್ದಂತೆ ಸರೋಜಾಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಮುಗಿಯುವ ಹೊತ್ತಿಗೆ ನನಗೆ ನೀರಿನ ಮೋಟಾರು ನೆನಪಾಯಿತು. "ನಿಮಗಿಬ್ಬರಿಗೂ ಹುಚ್ಚ ಹಿಡದೈತಿ," ಅಂದು ಮಗಳು ಟೀವಿ ಆರಿಸಿದಳು.

ಈಗ ಎರಡನೆಯ ಭಾಗ ಬಂದು ಎಲ್ಲವನ್ನೂ ಹೇಳಿಬಿಟ್ಟರೆ? ಸೋಲುವ ಭಯ ಅಲ್ಲ, ನಿಜ ಹೇಳುತ್ತೇನೆ. ಗೆದ್ದರೆ ಮುಂದಿನ ಮುನಿಸಿಗೆ ಏನು ಹೇಳಿ ಮಾತು ಶುರು ಮಾಡಲಿ ಎಂಬ ಭಯ.

ಗಂಗಾವತಿಯಲ್ಲೇ ನೋಡಿದೆವು. ಈಗ ರೀಲೂ ಇಲ್ಲ, ಡಬ್ಬಿಯೂ ಇಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. "ಸೋತ್ರ ಮಾರಿ ಸಣ್ಣದ ಮಾಡಬ್ಯಾಡ್ರಿ," ಅಂದಳು ಸರೋಜಾ. ಆದರೆ ಹಿಡಿದ ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ತೆರೆಯ ಮೇಲೆ ಮರಳಿ ಬಂದವನು ಮುದುಕನಾಗಿದ್ದ. ಮೊಮ್ಮಗಳು ಅವನ ತೊಡೆಯೇರಿ, ಅಜ್ಜಾ, ನೀನು ಅಣ್ಣನೋ ತಮ್ಮನೋ ಎಂದು ಕೇಳಿದಳು. ಮುದುಕ ಸುಮ್ಮನೆ ನಕ್ಕ. ಅಷ್ಟರಲ್ಲಿ ಆಕಾಶದಲ್ಲಿ ಹೊಸ ನೌಕೆ ಕಾಣಿಸಿ, ಕಥೆ ಬೇರೆ ಕಡೆ ಹೊರಟುಹೋಯಿತು. ಮತ್ತೆ ಆ ಪ್ರಶ್ನೆ ಬರಲೇ ಇಲ್ಲ.

"ಇಷ್ಟ ವರ್ಷ ಕಾಯಿಸಿ ಅದನ್ನೂ ಹೇಳಲಿಲ್ಲಲೇ," ಎಂದು ಹಿಂದಿನ ಸಾಲಿನವರು ಗೊಣಗಿದರು. ನನಗೋ ನಿರ್ದೇಶಕನ ಮನೆಗೆ ಒಂದು ಚೀಲ ಸೋನಾಮಸೂರಿ ಕಳಿಸಿಕೊಡುವಷ್ಟು ಸಂತೋಷವಾಗಿತ್ತು.

ಆದರೆ ಕೊಪ್ಪಳದ ಬಸ್ಸಿನಲ್ಲಿ ಸರೋಜಾ ಮಾತೇ ಆಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇವಳ ಪಾಲಿಗೆ ಈ ವಾದ ಇಲ್ಲಿಗೆ ಮುಗಿಯಿತೇನೋ ಎಂದು ನನಗೆ ಮತ್ತೆ ಅದೇ ಭಯ ಹಿಡಿಯಿತು. ಹೇಮಗುಡ್ಡ ದಾಟಿದ ಮೇಲೆ ತಿರುಗಿದಳು.

"ಅಂವ ನಕ್ಕಿದ್ದ ನೋಡಿದ್ರಿಲ್ಲ? ಅದು ತಮ್ಮನ ನಗಿ."

ಅಬ್ಬಾ, ಜೀವ ಬಂದಂತಾಯಿತು.

"ಅಣ್ಣನ ನಗಿ ನೀ ಎಲ್ಲೆ ನೋಡಿದಿ? ಅದು ಮೊದಲನೇ ರೀಲಿನ್ಯಾಗ ಐತಿ."

"ನೀವು ಕೊನೀದು ನೋಡಿದ್ರ ಹಿಂಗ ಮಾತಾಡ್ತಿದ್ದಿಲ್ಲ ಬಿಡ್ರಿ."

ಊರು ಬಂದದ್ದೂ ತಿಳಿಯಲಿಲ್ಲ. ಬಸ್ಸು ಖಾಲಿಯಾಗಿ, ಕಂಡಕ್ಟರು ನಮ್ಮೆದುರು ಬಂದು ನಿಂತಿದ್ದ. ಸರೋಜಾ ಚೀಲ ಎತ್ತಿಕೊಂಡು ನನ್ನನ್ನು ಮುಂದೆ ದಬ್ಬಿದಳು.

"ಇಳೀರಿ, ಇಳೀರಿ. ಮಾತು ಇನ್ನಾ ಮುಗದಿಲ್ಲ."