ಹಿಂದಿನ ಕೋಣೆಯ ಯುದ್ಧವಿಮಾನಗಳು

ಚನ್ನಪಟ್ಟಣದ ಆ ಬೀದಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಶಿವಕಿರಣ್ ಅವರ ಮರದ ಆಟಿಕೆ ವರ್ಕ್‌ಷಾಪಿನ ಹಿಂದಿನ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕುಳಿತ ರೇವಮ್ಮ ಮಾಸ್ಕಿಂಗ್ ಟೇಪಿನ ತುಂಡೊಂದನ್ನು ಹರಿದು ಮೊದಲು ತಮ್ಮ ಎಡ ಮುಂಗೈಗೆ ಅಂಟಿಸಿಕೊಳ್ಳುತ್ತಾರೆ, ಪರ್ರನೆ ಕೀಳುತ್ತಾರೆ, ಆಮೇಲೆ ಅದನ್ನು ಮೊಳದುದ್ದದ ಮರದ ಯುದ್ಧವಿಮಾನದ ಬೆನ್ನ ಮೇಲೆ ಕೂರಿಸುತ್ತಾರೆ. ಹೊಸ ಟೇಪಿಗೆ ಅಂಟು ಜಾಸ್ತಿ. ಹಾಗೇ ಹಚ್ಚಿದರೆ ಕೀಳುವಾಗ ಕೆಳಗಿನ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ಮೈಗೆ ಒಮ್ಮೆ ಅಂಟಿಸಿ ತೆಗೆದರೆ ಅದರ ಸೊಕ್ಕು ಇಳಿಯುತ್ತದೆ. ಹೀಗೆ ಕಿತ್ತೂ ಕಿತ್ತೂ ರೇವಮ್ಮನವರ ಎಡ ಮುಂಗೈಯಲ್ಲಿ ಒಂದು ಕೂದಲೂ ಉಳಿದಿಲ್ಲ.

"ಪಾರ್ಲರ್‌ಗೆ ಓಗಾದೇ ಬ್ಯಾಡ ನಂಗೆ" ಎಂದು ನಗುತ್ತಾರೆ. "ಆದ್ರೆ ಒಂದ್ ಕೈಗೆ ಮಾತ್ರ."

ವಿಮಾನದ ಹೊಟ್ಟೆಗೆ ತೆಳು ನೀಲಿ, ಬೆನ್ನಿಗೆ ಬೂದು ಮತ್ತು ಹಸಿರು. ಕೆಳಗಿನಿಂದ ನೋಡಿದವರಿಗೆ ಅದು ಆಕಾಶದಲ್ಲಿ ಕರಗಿಹೋಗಬೇಕು, ಮೇಲಿನಿಂದ ನೋಡಿದವರಿಗೆ ನೆಲದಲ್ಲಿ. "ನಮ್ ರಾಮನಗರದ ಬಂಡೆ ಮೇಲೆ ಅಲ್ಲಲ್ಲಿ ಗಿಡ ಅಬ್ಕೊಂಡಿರಲ್ವಾ, ಅಂಗಿರ್ಬೇಕು" ಎನ್ನುವುದು ಅವರ ವಿವರಣೆ. ಮೊದಲು ಬೆನ್ನಿಗೆಲ್ಲ ಬೂದು ಬಣ್ಣ. ಒಣಗಿದ ಮೇಲೆ, ಬೂದು ಎಲ್ಲೆಲ್ಲಿ ಉಳಿಯಬೇಕೋ ಅಲ್ಲೆಲ್ಲ ಟೇಪು. ಆ ಟೇಪನ್ನು ಗಾಜಿನ ಮೇಲೆ ಹಾಸಿ, ಬ್ಲೇಡಿನಿಂದ ಅಂಕುಡೊಂಕಾಗಿ ಕತ್ತರಿಸಿ, ಅಂಚನ್ನು ಉಗುರಿನಿಂದ ತೀಡಿ ಕೂರಿಸಬೇಕು. ಅಂಚು ಕೂದಲೆಳೆಯಷ್ಟು ಎದ್ದಿದ್ದರೂ ಹಸಿರು ಒಳಗೆ ನುಗ್ಗುತ್ತದೆ. ಆಮೇಲೆ ಸ್ಪ್ರೇ ಗನ್ನಿನಲ್ಲಿ ಹಸಿರು ಹೊಡೆದು, ಸುಮಾರು ಒಂದು ಗಂಟೆ ಕಾದು ಟೇಪು ಕೀಳಬೇಕು. ಬಣ್ಣ ಬೆರಳಿಗೆ ಅಂಟಬಾರದು, ಉಗುರಿಗೆ ಗಟ್ಟಿಯಾಗಿಯೂ ತಗುಲಬಾರದು. ಆ ಹದ ಬಂದಾಗ ಕೀಳುತ್ತಾ ಹೋದರೆ ಬೂದು ಹಸಿರಿನ ನಡುವಿನ ಗೆರೆ ಬ್ಲೇಡಿನಲ್ಲಿ ಎಳೆದ ಹಾಗೆ ಬಿಚ್ಚಿಕೊಳ್ಳುತ್ತದೆ.

"ಆ ಗಳಿಗೆ ನೋಡಕ್ಕೆ ಎಲ್ಡು ಕಣ್ಣು ಸಾಲ್ದು ಕಣ್ರಪ್ಪ. ಆದ್ರೆ ಇರಾದು ನನ್ನವೇ ಎಲ್ಡು. ಇನ್ಯಾರವ್ರೆ ಇಲ್ಲಿ?"

ನಿಜ, ಇನ್ಯಾರೂ ಇಲ್ಲ. ಎಂಟು ಗಂಟೆಗೆ ಮುಂದಿನ ಜಗುಲಿಯಲ್ಲಿ ಮರ ಕಡೆಯುವ ಲೇತ್ ಶುರುವಾಗುತ್ತದೆ. ಆಮೇಲೆ ಮರದ ಹುಡಿ ಏಳುತ್ತದೆ. ಹಸಿ ಬಣ್ಣದ ಮೇಲೆ ಹುಡಿ ಕೂತರೆ ವಿಮಾನದ ಬೆನ್ನಿಗೆ ಬೆವರುಸಾಲೆ ಎದ್ದ ಹಾಗಾಗುತ್ತದೆ. ಅದಕ್ಕೇ ರೇವಮ್ಮ ಕತ್ತಲಿರುವಾಗಲೇ ಬಂದು, ಲೇತ್ ಏಳುವ ಮೊದಲೇ ತಮ್ಮ ಬಣ್ಣ ಮುಗಿಸಿಕೊಳ್ಳುತ್ತಾರೆ. ಜನ ಬರುವ ಹೊತ್ತಿಗೆ ಅವರ ಕೋಣೆಯಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ಮುದುಡಿದ ಟೇಪಿನ ರಾಶಿ ಇರುತ್ತದೆ, ಅಷ್ಟೇ.

ಜನ ಬರುವುದು ಲೇತ್ ನೋಡಲು. ಅದರ ಮುಂದೆ ಕೂರುವವರು ಹುಸೇನ್ ಬಾಯ್. ವಯಸ್ಸು ಅರವತ್ತರ ಮೇಲೆ, ಬಿಳಿ ಗಡ್ಡ, ಅರಗಿನ ಬಣ್ಣ ಹತ್ತಿದ ಬೆರಳು. ತಿರುಗುವ ಹಾಲೆ ಮರದ ತುಂಡಿಗೆ ಕೆಂಪು ಅರಗಿನ ಕಡ್ಡಿ ತಾಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮರವೆಲ್ಲ ಕೆಂಪು. ಮೇಲೆ ಕೇದಗೆ ಎಲೆಯಲ್ಲಿ ಒಂದು ಸಲ ಉಜ್ಜಿದರೆ ಮುಖ ಕಾಣುವ ಹೊಳಪು. ಬೆಂಗಳೂರಿನಿಂದ ಭಾನುವಾರ ಬರುವ ಮಂದಿ ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಗಿಸಿ, ಇಲ್ಲಿಳಿದು, ಹುಸೇನ್ ಬಾಯ್ ಸುತ್ತ ನಿಂತು ಫೋನು ಎತ್ತುತ್ತಾರೆ. ವಾಹ್ ಎನ್ನುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಹುಸೇನ್ ಬಾಯ್ ಅವರ ಫೋಟೊ ಎರಡು ಕ್ಯಾಲೆಂಡರಿನಲ್ಲಿ ಬಂದಿದೆ. ಒಂದನ್ನು ಶಿವಕಿರಣ್ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದಾರೆ. ರೇವಮ್ಮ ಹಿಂದಿನ ಕೋಣೆಗೆ ಹೋಗಬೇಕಾದರೆ ದಿನವೂ ಅದರ ಕೆಳಗೇ ಹಾಯಬೇಕು.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವಾಗ ಅವರಿಗೆ ಹೆಸರಿನ ಹಂಬಲವಿಲ್ಲ, ಯಾರ ಮೇಲೂ ಅಸೂಯೆಯಿಲ್ಲ ಎಂದು ಬರೆಯುವುದು ವಾಡಿಕೆ. ರೇವಮ್ಮನವರ ವಿಷಯದಲ್ಲಿ ಹಾಗೆ ಬರೆದರೆ ಸುಳ್ಳಾಗುತ್ತದೆ. ಅವರಿಗೆ ಹೊಟ್ಟೆಕಿಚ್ಚು ಇದೆ, ಅದೂ ಧಾರಾಳವಾಗಿ.

"ಯಾಕ್ ಮುಚ್ಚಿಡ್ಲಿ? ಒಟ್ಟೆ ಉರೀತದೆ. ಅವ್ರು ಒಂದು ಬುಗುರಿ ತಿರುಗಿಸೋಷ್ಟರಲ್ಲಿ ಐವತ್ ಫೋಟೊ. ನಾನು ಒಂದು ವಿಮಾನಕ್ಕೆ ಎಲ್ಡ್ ದಿನ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು, ನನ್ ಕಡೆ ನಾಯೂ ನೋಡಕಿಲ್ಲ. ಎಲೆಮರೆ ಕಾಯಂತೆ! ಆ ಎಲೆ ಕಿತ್ತಾಕ್ರಪ್ಪ ಯಾರಾದ್ರೂ."

ರೇವಮ್ಮನ ತವರು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ದನ, ರಾಗಿ ಹೊಲ, ಎಂಟನೇ ಕ್ಲಾಸು. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ಮರದ ಗೊಂಬೆಗಳಿಗೆ ಕಣ್ಣು ಬರೆಯುವ ಕೆಲಸ ಹಿಡಿದರು. ಗಂಡ ಬೋರಲಿಂಗಯ್ಯ ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದಾರೆ. ಇವರು ಇಲ್ಲಿಗೆ ಹೊರಡುವ ಹೊತ್ತಿಗೆ ಅವರೂ ರೈಲಿಗೆ ಹೊರಡುತ್ತಾರೆ. ಗೊಂಬೆಯ ಎಡಗಣ್ಣು ಬಲಗಣ್ಣು ಒಂದೇ ಕಡೆ ನೋಡುವಂತೆ ಬರೆಯುವುದು ಎಲ್ಲರ ಕೈಗೂ ಹತ್ತುವುದಿಲ್ಲ, ರೇವಮ್ಮನ ಕೈಗೆ ಹತ್ತಿತು. ಕೆಲವು ವರ್ಷಗಳ ಕೆಳಗೆ, ನಿವೃತ್ತರಾಗುವವರಿಗೆ ನೆನಪಿನ ಕಾಣಿಕೆ ಮಾರುವ ಬೆಂಗಳೂರಿನ ಅಂಗಡಿಯೊಂದು ಮರದ ಯುದ್ಧವಿಮಾನಗಳನ್ನು ಕೇಳಿದಾಗ ಶಿವಕಿರಣ್ ನೇರ ಇವರ ಮುಂದೆ ಒಂದು ಚಿತ್ರ ತಂದಿಟ್ಟರು. ಮೊದಲ ಮೂರು ವಿಮಾನ ಒಲೆಗೆ ಹೋದವು. ನಾಲ್ಕನೆಯದು ಅಂಗಡಿಯ ಗಾಜಿನೊಳಗೆ ಹೋಯಿತು. ಈಗ ತಿಂಗಳಿಗೆ ಹತ್ತು ಹನ್ನೆರಡು ಹೋಗುತ್ತವೆ. ರೇವಮ್ಮ ವಿಮಾನ ಹತ್ತಿಲ್ಲ. ಹತ್ತಿರದಿಂದ ನೋಡಿಯೂ ಇಲ್ಲ. ಥಿನ್ನರ್ ವಾಸನೆಗೆ ತಲೆನೋವು, ಬಗ್ಗಿದ್ದಕ್ಕೆ ಸೊಂಟನೋವು, ಇವೆರಡೂ ಸಂಬಳದ ಜೊತೆಗೆ ಪುಕ್ಕಟೆ.

ಹುಸೇನ್ ಬಾಯ್ ಕೆಟ್ಟವರೇನಲ್ಲ. ವಿಮಾನದ ಉದ್ದನೆಯ ಒಡಲನ್ನು ಲೇತಿನಲ್ಲಿ ಕಡೆದು ಕೊಡುವವರೂ ಅವರೇ. ಆದರೆ ಅದರ ಮೇಲಿನ ಬಣ್ಣದ ಬಗ್ಗೆ ಅವರಿಗೆ ಅಂಥ ಗೌರವವಿರಲಿಲ್ಲ. ಜೀವಮಾನವಿಡೀ ಹೊಳಪು ತಂದ ಕೈ ಅದು. ಒಮ್ಮೆ ಮುಗಿದ ವಿಮಾನವೊಂದನ್ನು ಕೈಗೆತ್ತಿಕೊಂಡು, "ಏನಮ್ಮ ರೇವಮ್ಮ, ಇಷ್ಟು ಕಷ್ಟಪಟ್ಟು ಮಂಕು ಮಾಡಿದ್ದೀಯಲ್ಲ, ಒಂದು ಸಲ ಕೇದಗೆ ಎಲೆ ಹೊಡೀಲಾ?" ಎಂದು ಕೇಳಿದ್ದರಂತೆ. ತಮಾಷೆಗೇ ಅಂದದ್ದು. ರೇವಮ್ಮ ಅದನ್ನು ಇವತ್ತಿಗೂ ಜೀರ್ಣಿಸಿಕೊಂಡಿಲ್ಲ.

ಅವರಿಗೆ ಬೇಕಾದದ್ದು ಒಂದೇ. ಒಂದು ಸಲ, ಜನ ತುಂಬಿದ ಆ ಜಗುಲಿಯಲ್ಲಿ, ಹುಸೇನ್ ಬಾಯ್ ಪಕ್ಕದಲ್ಲೇ ಕೂತು ಟೇಪು ಕೀಳಬೇಕು. ಆ ಗೆರೆ ಬಿಚ್ಚಿಕೊಳ್ಳುವುದನ್ನು ಜನ ನೋಡಬೇಕು. ಕಳೆದ ತಿಂಗಳು ಶಿವಕಿರಣ್ ಅವರನ್ನು ಬಾಯಿಬಿಟ್ಟು ಕೇಳಿಯೇಬಿಟ್ಟರು.

"ಅದರಲ್ಲಿ ನೋಡೋಕೆ ಏನಿರುತ್ತಕ್ಕಾ?" ಎಂದರು ಶಿವಕಿರಣ್.

"ನೋಡಿದ್ಮೇಲೆ ಯೋಳು" ಎಂದರು ರೇವಮ್ಮ.

ಶಿವಕಿರಣ್ ಒಪ್ಪಿದರು, ಭಾನುವಾರ ಎಂದು ನಿಗದಿಯಾಯಿತು. ಇಲ್ಲೊಂದು ತೊಡಕು ಇತ್ತು. ಬಣ್ಣ ಹೊಡೆದ ಒಂದು ಗಂಟೆಗೆ ಟೇಪು ಕೀಳಬೇಕು. ಜನ ಬರುವುದು ಹನ್ನೊಂದಕ್ಕೆ. ಅಂದರೆ ಹತ್ತಕ್ಕೆ ಬಣ್ಣ ಹೊಡೆಯಬೇಕು. ಆ ಹೊತ್ತಿನಲ್ಲಿ ಲೇತಿನ ಹುಡಿ. ಹುಸೇನ್ ಬಾಯ್‌ಗೆ ಒಂದೆರಡು ಗಂಟೆ ಲೇತ್ ನಿಲ್ಲಿಸಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರನ್ನು ಕೇಳುವುದೇ? ಯಾರ ಪಕ್ಕ ಸರಿಸಮನಾಗಿ ಕೂರಬೇಕೆಂದು ಹೊರಟರೋ ಅವರ ಮುಂದೆಯೇ ಕೈಯೊಡ್ಡುವುದೇ? ರೇವಮ್ಮ ಎಂದಿನಂತೆ ನಸುಕಿನಲ್ಲೇ ಹಸಿರು ಹೊಡೆದರು, ಹನ್ನೊಂದರವರೆಗೆ ಹೇಗೋ ತಡೆದೀತು ಎಂದು ಟೇಪು ಕೀಳದೆ ಹಾಗೇ ಬಿಟ್ಟರು. ಒಳ್ಳೇ ಸೀರೆ ಉಟ್ಟು ಬಂದಿದ್ದರು. ಎಂಟಕ್ಕೆ ವಿಮಾನವನ್ನು ಜಗುಲಿಯ ಮೇಜಿನ ಮೇಲೆ ತಂದಿಟ್ಟರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬೆಂಗಳೂರಿನ ಜನರ ಬಸ್ಸು ಬಂದದ್ದು ಹನ್ನೆರಡೂಕಾಲಿಗೆ. ಅಷ್ಟು ಹೊತ್ತಿಗೆ ಜಗುಲಿಗೆ ಬಿಸಿಲು ನುಗ್ಗಿ ಮೇಜು ಕಾದಿತ್ತು. ಮೂವತ್ತು ಜನ ಸುತ್ತ ನಿಂತರು. ಶಿವಕಿರಣ್ ಎರಡು ಮಾತು ಹೇಳಿ, "ಈಗ ನೋಡಿ" ಎಂದರು. ರೇವಮ್ಮ ಟೇಪಿನ ತುದಿಯನ್ನು ಉಗುರಿನಲ್ಲಿ ಎಬ್ಬಿಸಿದರು. ಎಬ್ಬಿಸುವಾಗಲೇ ಅವರಿಗೆ ತಿಳಿದುಹೋಯಿತು. ಅಂಟು ಕರಗಿ ಕಚ್ಚಿಕೊಂಡಿತ್ತು, ಹಸಿರು ಗಟ್ಟಿಯಾಗಿ ಕೂತಿತ್ತು. ಆದರೆ ಮೂವತ್ತು ಜನರ ಮುಂದೆ ನಿಲ್ಲಿಸುವುದು ಹೇಗೆ? ಎಳೆದರು. ಟೇಪಿನ ಜೊತೆ ಹಸಿರೂ ಬಂತು, ಬೂದೂ ಬಂತು, ಕೆಳಗೆ ಹಾಲೆ ಮರದ ಬಿಳುಪು ಕಂಡಿತು. ರೆಕ್ಕೆಯ ಮೇಲೆ ಅಂಗೈಯಗಲ ಚರ್ಮ ಸುಲಿದ ಹಾಗೆ.

ಯಾರೂ ನಗಲಿಲ್ಲ. ಮುಂದೆ ನಿಂತಿದ್ದ ಹೆಂಗಸೊಬ್ಬರು ತುಂಬ ಮರ್ಯಾದೆಯಿಂದ, "ಇದು ಹೀಗೇ ಇರಬೇಕಾ?" ಎಂದು ಕೇಳಿದರು.

ಅಷ್ಟರಲ್ಲೇ ಪಕ್ಕದಲ್ಲಿ ಲೇತ್ ಗುಂಯ್ ಎಂದು ಎದ್ದಿತು. ಹುಸೇನ್ ಬಾಯ್ ಸ್ವಿಚ್ ಹಾಕಿದ್ದರು. ಹಳದಿ ಅರಗು, ಮೇಲೆ ಹಸಿರು ಅರಗು. ಜನವೆಲ್ಲ ಅತ್ತ ತಿರುಗಿತು, ಫೋನುಗಳು ಎದ್ದವು, ಚಪ್ಪಾಳೆಯಾಯಿತು. ರೇವಮ್ಮ ವಿಮಾನವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತು ಊಟ ಮಾಡಲಿಲ್ಲ.

"ನನ್ ಮಾನ ಮುಚ್ಚಕ್ಕೆ ಲೇತ್ ಹಾಕುದ್ರೋ, ಬಂದಿದ್ ಜನಾನ ಎಳ್ಕಳಕ್ಕೆ ಹಾಕುದ್ರೋ, ಆ ಸಿವನೇ ಬಲ್ಲ. ನಾನಂತೂ ಎಳ್ಕಳಕ್ಕೇ ಅಂದ್ಕಂಡೆ. ಅಂಗಂದ್ಕಂಡ್ರೆ ಒಸಿ ಸಮಾದಾನ ಆಯ್ತಿತ್ತು."

ಆ ಸಮಾಧಾನವೂ ಒಂದೇ ರಾತ್ರಿಯದಾಯಿತು. ಸೋಮವಾರ ನಸುಕಿನಲ್ಲಿ ಹಿಂದಿನ ಕೋಣೆಯ ಬಾಗಿಲು ಬಡಿದವರು ಹುಸೇನ್ ಬಾಯ್. ಫಜರ್ ನಮಾಜು ಮುಗಿಸಿ ಸೀದಾ ಬಂದಿದ್ದರು. ಆಡಿಕೊಳ್ಳಲು ಬಂದರು ಎಂದು ರೇವಮ್ಮ ಸೆಟೆದು ಕೂತರು.

"ನಿನ್ನೆ ಯಾಕಮ್ಮ ಅಷ್ಟು ಹೊತ್ತು ಬಿಟ್ಟೆ? ಬೆಳಿಗ್ಗೆ ಬೆಳಿಗ್ಗೇನೇ ಕೀಳ್ತೀಯಲ್ಲ ನೀನು."

"ನಿಮ್ ಲೇತ್ ಧೂಳು" ಎಂದರು ರೇವಮ್ಮ, ಮುಖ ಎತ್ತದೆ.

"ಅರೆ, ಒಂದು ಮಾತು ಕೇಳಿದ್ರೆ ನಿಲ್ಲಿಸ್ತಿರ್ಲಿಲ್ವಾ ನಾನು?" ಎಂದಷ್ಟೇ ಹೇಳಿ ಹುಸೇನ್ ಬಾಯ್ ಹೊರಟುಹೋದರು.

ಅದನ್ನು ಹೇಳುವಾಗ ರೇವಮ್ಮನ ದನಿ ಇಳಿಯುತ್ತದೆ. "ಅದೇ ನೋಡಿ ಇನ್ನೂ ಜಾಸ್ತಿ ಉರ್ದಿದ್ದು. ಕೆಟ್ಟೋರಾಗಿದ್ರೆ ಬೈಕೊಂಡಾದ್ರೂ ತಣ್ಣಗಾಗ್ತಿದ್ದೆ. ಕೆಲ್ಸಾನೂ ಚೆಂದ, ಗುಣಾನೂ ಚೆಂದ ಅಂದ್ರೆ, ನಮ್ಮಂತೋರು ಎಲ್ಲಿಗೋಗ್ಬೇಕು?"

ಸುಲಿದ ರೆಕ್ಕೆಯನ್ನು ಅವರು ಒಲೆಗೆ ಹಾಕಲಿಲ್ಲ. ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಬೂದು ಬಳಿದು, ಮತ್ತೆ ಟೇಪು ಕತ್ತರಿಸಿದರು. ಆ ವಾರವೇ ಪತ್ರಿಕೆಯೊಂದರ ಪುರವಣಿಯವರು ಅವರನ್ನು ನೋಡಬೇಕೆಂದು ಕೇಳಿಕೊಂಡರು. ಫೋಟೊಗ್ರಾಫರ್ ಮಧು ಬೆಂಗಳೂರಿನಿಂದ ಬಂದು ಸೇರುವುದು ಹತ್ತು ಗಂಟೆಗೆ. ಮತ್ತೆ ಅದೇ ತೊಡಕು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಹುಸೇನ್ ಬಾಯ್ ಸ್ವಿಚ್ಚಿಗೆ ಕೈ ಹಾಕುವ ಮೊದಲೇ ರೇವಮ್ಮ ಜಗುಲಿಗೆ ಬಂದು ನಿಲ್ಲುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. "ಬಾಯ್, ಇವತ್ತು ನಂದು ಕೀಳಾದು ಮುಗಿಯೋಗಂಟ ಲೇತ್ ಹಾಕ್ಬ್ಯಾಡಿ." ಹುಸೇನ್ ಬಾಯ್ ಕೈ ಹಿಂದಕ್ಕೆ ತೆಗೆಯುತ್ತಾರೆ.

ಒಂಬತ್ತಕ್ಕೆ ಹಸಿರು ಬೀಳುತ್ತದೆ. ಹತ್ತಕ್ಕೆ ಮಧು ಬರುತ್ತಾರೆ. ರೇವಮ್ಮ ಬಣ್ಣದ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, ಇನ್ನೈದು ನಿಮಿಷ ಎನ್ನುತ್ತಾರೆ. ಅಷ್ಟರಲ್ಲಿ ಕೆಲಸವಿಲ್ಲದೆ ಕೈಕಟ್ಟಿಕೊಂಡಿದ್ದ ಹುಸೇನ್ ಬಾಯ್ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಕಿಟಕಿಯ ಬೆಳಕು ಸರಿಯಾಗಿ ಅವರ ಬಿಳಿ ಗಡ್ಡದ ಮೇಲೇ ಬೀಳಬೇಕೆ! ಮಧು ಅವರ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಅತ್ತ ತಿರುಗುತ್ತದೆ. ರೇವಮ್ಮನ ಮುಖ ಬಿಗಿಯುತ್ತದೆ.

"ನಿಮ್ಮ ಆಸೆ ಏನಮ್ಮ? ಮುಂದೆ ಏನಾಗಬೇಕು ಅಂತ?" ಎಂದು ಪುರವಣಿಯವರು ಕೇಳುತ್ತಾರೆ.

ರೇವಮ್ಮ ಟೇಪಿನ ತುದಿಯನ್ನು ಎರಡು ಉಗುರಿನ ನಡುವೆ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾರೆ.

"ಬಾಯ್, ಅಲ್ಯಾಕ್ ನಿಂತಿದ್ದೀರಿ? ಇಲ್ ಬನ್ನಿ, ನನ್ ಪಕ್ಕಕ್ಕೆ."

ಹುಸೇನ್ ಬಾಯ್ ಒಳಗೆ ಬರುತ್ತಾರೆ. ರೂಢಿಯಂತೆ ಟೋಪಿ ಸರಿಮಾಡಿಕೊಂಡು, ಗಡ್ಡ ನೀವಿಕೊಂಡು, ಕ್ಯಾಮೆರಾಗೆ ಮುಖ ಕೊಟ್ಟು ನಿಲ್ಲುತ್ತಾರೆ.

"ಅಲ್ಲಲ್ಲ, ಅಲ್ ನೋಡ್ಬ್ಯಾಡಿ" ಎನ್ನುತ್ತಾರೆ ರೇವಮ್ಮ. "ನನ್ ಕೈ ನೋಡಿ."