ಮಿಕ್ಕ ಅರ್ಧ ಡ್ರೈವ್‌ವೇ

ಅಮೆರಿಕದ ಮನ್ರೋ ಊರಿನಲ್ಲಿ ತಂಗಿ ಮನೆಯ ಬಾಗಿಲಲ್ಲಿ ನಿಂತಿದ್ದೆ. ಎದುರು ಮನೆಯ ಮೂರ್ತಿಯವರು ಪುಟ್ಟ ಎಲೆಕ್ಟ್ರಿಕ್ ಟ್ರಾಕ್ಟರ್ ಮೇಲೆ ಕೂತು ಮನೆಯಿಂದ ರಸ್ತೆಗೆ ಕಾರು ಇಳಿಯುವ ಡ್ರೈವ್‌ವೇ ಮೇಲಿನ ಸ್ನೋ ತಳ್ಳುತ್ತಿದ್ದರು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಗಾಡಿಯೇ ಅದು. ಈಗ ಮುಂದೆ ಅಗಲವಾದ ಕಬ್ಬಿಣದ ಹಲಗೆ ಸಿಕ್ಕಿಸಿದ್ದರು. ನಮ್ಮ ಕಡೆಯ ಟ್ರಾಕ್ಟರಿನ ಬಡಬಡ ಇಲ್ಲ, ಮಿಕ್ಸಿಯಷ್ಟೂ ಸದ್ದಿಲ್ಲ.

"ಚಳಿ ಆಗಲ್ವಾ ಸಾರ್?" ಅಂತ ಕೂಗಿದೆ.

ಕನ್ನಡ ಕಿವಿಗೆ ಬಿದ್ದದ್ದೇ ಗಾಡಿ ನಿಲ್ಲಿಸಿಬಿಟ್ಟರು. "ಮೈಸೂರಾ? ಯಾವ ಏರಿಯಾ?" ಅಂದವರು, ರಸ್ತೆ ದಾಟಿ ಹತ್ತಿರ ಹೋದ ನನ್ನನ್ನು ಮುಕ್ಕಾಲು ಗಂಟೆ ಬಿಡಲಿಲ್ಲ. ಸರಸ್ವತಿಪುರಂನ ಒಂದೊಂದು ಅಂಗಡಿಯನ್ನೂ ವಿಚಾರಿಸಿದರು. ಕೊನೆಗೆ ಅರ್ಧ ಡ್ರೈವ್‌ವೇ ಹಾಗೇ ಬಿಟ್ಟು ಕೆಳಗಿಳಿದರು.

"ಬ್ಯಾಟರಿ ಮುಗೀತು ನೋಡಿ. ಮಿಕ್ಕಿದ್ದು ಸಂಜೆ ಮಾಡ್ತೀನಿ. ನಾಲ್ಕು ಗಂಟೆಗೆ ಬನ್ನಿ, ಫಿಲ್ಟರ್ ಕಾಫಿ ತರ್ತೀನಿ."

ಸ್ಟಿಯರಿಂಗ್ ಪಕ್ಕ ಬ್ಯಾಟರಿಯ ನಾಲ್ಕು ಹಸಿರು ದೀಪಗಳಲ್ಲಿ ಮೂರು ಇನ್ನೂ ಉರಿಯುತ್ತಿದ್ದವು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಅವರಿಗೂ ಗೊತ್ತಾಯಿತು. ಸ್ನೋ ಒರೆಸುವವರ ಹಾಗೆ ಅದರ ಮೇಲೆ ಕೈಯಿಟ್ಟರು.

"ಬರ್ತೀನಿ ಸಾರ್" ಅಂದೆ. ಅವತ್ತು ಸಂಜೆಯೇ ನನ್ನ ಫ್ಲೈಟ್. ಅದನ್ನು ಹೇಳಲು ಬಾಯಿ ಬರಲಿಲ್ಲ.

"ಈಗಲೇ ತೆಗೀದಿದ್ರೆ ಐಸ್ ಆಗತ್ತೆ. ಇಷ್ಟು ವರ್ಷ ಇದ್ದವರಿಗೆ ಗೊತ್ತಿಲ್ವಾ?" ಅಂತ ನಾನು ಒಳಗೆ ಬಂದಾಗ ತಂಗಿ ಗೊಣಗಿದಳು.

ಮೂರೂವರೆಗೆ ಏರ್‌ಪೋರ್ಟಿಗೆ ಹೊರಟೆವು. ಮೂರ್ತಿಯವರು ಆಗಲೇ ಟ್ರಾಕ್ಟರ್ ಏರಿ ಕೂತಿದ್ದರು, ಆದರೆ ಗಾಡಿ ಶುರು ಮಾಡಿರಲಿಲ್ಲ. ಬಾನೆಟ್ ಮೇಲೆ ಒಂದು ಫ್ಲಾಸ್ಕು, ಎರಡು ಲೋಟ. ಅವರು ತಂಗಿ ಮನೆಯ ಬಾಗಿಲನ್ನೇ ನೋಡುತ್ತಿದ್ದರು. ಕಾರಿನೊಳಗಿದ್ದ ನನ್ನನ್ನು ಗಮನಿಸಲಿಲ್ಲ.

ನಾನೂ ಗಾಜು ಇಳಿಸಲಿಲ್ಲ.