ಜಪಾನಿನ ಕೈಲಾಸ

ಚಾಮುಂಡಿ ಬೆಟ್ಟದ ಬುಡದಲ್ಲಿ ನಾನು ಚಿತ್ರದ ಪೆಟ್ಟಿಗೆ ತೋರಿಸುತ್ತಿದ್ದೆ. ದಾರ ಎಳೆದರೆ ಒಳಗೆ ಚಿತ್ರ ಬದಲಾಗುತ್ತದೆ. ಅದರಲ್ಲಿದ್ದದ್ದು ಜಪಾನಿನವರು ದೇವರೆಂದು ಕೈಮುಗಿಯುವ ಬೆಟ್ಟ: ಚಳಿಗಾಲದ್ದೊಂದು, ಹೂ ಬಿಡುವ ಕಾಲದ್ದೊಂದು. ಜಪಾನ್ ಅಂದರೆ ಯಾರು ಬರುತ್ತಾರೆ? "ಕೈಲಾಸ ನೋಡ್ರಪ್ಪೋ, ಕೈಲಾಸ!" ಅಂತ ಕೂಗುತ್ತಿದ್ದೆ.

ಒಬ್ಬಳು ಮುದುಕಿ ಬಂದು ತೂತಿಗೆ ಕಣ್ಣಿಟ್ಟಳು.

"ಬೆಳ್ಳಗಿರೋದು ಏನಪ್ಪಾ?"

"ಹಿಮ ಕಣಜ್ಜಿ. ಶಿವನೇ ಗಡಗಡ ನಡುಗ್ತಾನೆ!"

ಸುತ್ತ ನಿಂತವರು ನಕ್ಕರು. ಅಜ್ಜಿ ನಗಲಿಲ್ಲ.

"ನನ್ ಮಗ ಹೋದ ತಿಂಗಳು ಪ್ಲೇಗಲ್ಲಿ ಅಲ್ಲಿಗೇ ಹೋದ. ಅವನ ಕಂಬಳೀನೂ ಸರ್ಕಾರದವ್ರು ಸುಟ್ಟಾಕ್ಬುಟ್ರು. ಬರೀ ಮೈಯಲ್ಲಿ ಎಂಗಿದ್ದಾನಪ್ಪಾ?"

ನನ್ನ ಮಾತಿನ ಕಾಟ ತಾಳದೆ ಮೇಷ್ಟ್ರು ಮೂರನೇ ಕ್ಲಾಸಿನಲ್ಲೇ ಕೈಮುಗಿದು ಮನೆಗೆ ಕಳಿಸಿದ್ದರು; ಈಗ ಬಾಯಿಗಿಂತ ಮೊದಲು ಕೈ ಓಡಿತು. ದಾರ ಎಳೆದೆ. ಹಿಮ ಹೋಗಿ ಹೂವಿನ ಮರಗಳು ಬಂದವು.

"ಚಳಿ ಕಳೀತು ನೋಡಜ್ಜಿ."

"ಇನ್ನು ಎಳೀಬ್ಯಾಡ ಕಣಪ್ಪ," ಅಂದಳು. ಎದುರಿನ ಮರದಡಿ ಕೂತು ನನ್ನ ಕೈಯನ್ನೇ ಕಾಯತೊಡಗಿದಳು.

ಮುಂದಿನವನು ಇಣುಕಿ ರೇಗಿದ. "ಕೈಲಾಸದಲ್ಲಿ ಹಿಮವೇ ಇಲ್ವಲ್ಲೋ, ಕಳ್ಳ!"

"ಈ ವರ್ಷ ಬೇಸಿಗೆ ಬೇಗ ಬಂತು ಕಣಣ್ಣ," ಅಂದೆ.

ಅಜ್ಜಿ ಏಳುವವರೆಗೂ ಕೈಲಾಸದಲ್ಲಿ ಬೇಸಿಗೆಯೇ. ಅವಳು ಎದ್ದದ್ದು, ಹೂವೂ ಹಿಮವೂ ಯಾರಿಗೂ ಕಾಣದಷ್ಟು ಕತ್ತಲಾದ ಮೇಲೆ.